ತಮ್ಮ ಉಗಾಂಡಾದ ಕಾಫಿ ತೋಟಕ್ಕೆ ಹೊರಟಿದ್ದಾನೆ: ಲಸಿಕೆ, ಮಲೇರಿಯಾ ಮಾತ್ರೆ ಬಗ್ಗೆ ಗೊತ್ತಿರುವವರು ಹೇಳಿ

ಅಮ್ಮತ್ತಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಅಮ್ಮತ್ತಿ ಹತ್ತಿರ. ತಮ್ಮ ಇಷ್ಟು ದಿನ ಸಿದ್ದಾಪುರ ಕಡೆ ಒಂದು ಎಸ್ಟೇಟಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದ. ಈಗ ಉಗಾಂಡಾದಲ್ಲಿ ದೊಡ್ಡ ರೊಬಸ್ಟಾ ತೋಟವೊಂದರಲ್ಲಿ ಕೆಲಸ ಸಿಕ್ಕಿದೆ. ಎರಡು ವರ್ಷದ ಒಪ್ಪಂದ. ಹುತ್ತರಿ ಹಬ್ಬ ಮನೆಯಲ್ಲೇ ಮಾಡಿಕೊಂಡು ಹೊರಡುತ್ತಾನೆ.

ಕಂಪನಿಯವರು ಕಳಿಸಿದ ಕಾಗದದಲ್ಲಿ ಯೆಲ್ಲೋ ಫೀವರ್ (ಹಳದಿ ಜ್ವರ) ಲಸಿಕೆ ಹಾಕಿಸಿದ ಕಾರ್ಡ್ ಕಡ್ಡಾಯ ಅಂತ ಒಂದೇ ಒಂದು ಸಾಲು ಇದೆ. ಎಲ್ಲಿ ಹಾಕಿಸಬೇಕು, ಎಷ್ಟು ದಿನ ಮೊದಲು, ಬೇರೆ ಏನು ಬೇಕು, ಏನೂ ಇಲ್ಲ. ಕೇಳಿದರೆ ನಿಮ್ಮ ಡಾಕ್ಟರನ್ನು ಕೇಳಿ ಅಂದರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಮ್ಮನಿಗೆ ಎಬೋಲಾ ಭಯ, ಸರಿಯಾಗಿ ಊಟ ಕೂಡ ಮಾಡುತ್ತಿಲ್ಲ. ಅಪ್ಪ ‘ನಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿ ತೋಟದಲ್ಲೇ ಮಲೇರಿಯಾ ಇರಲಿಲ್ವಾ, ನಮಗೆಲ್ಲ ಅದು ರಕ್ತದಲ್ಲೇ ಇದೆ’ ಅನ್ನುತ್ತಾರೆ. ತಮ್ಮನೋ, ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ಬೆಳೆದವನಿಗೆ ಸೊಳ್ಳೆ ಏನು ಮಾಡುತ್ತೆ ಅಂತ ತಲೆಯೇ ಕೆಡಿಸಿಕೊಳ್ಳುತ್ತಿಲ್ಲ. ನನಗೆ ಗೊತ್ತಾಗಬೇಕಾದ್ದು ಇಷ್ಟು: ಮಲೇರಿಯಾ ಬರದ ಹಾಗೆ ಮಾತ್ರೆ ಇದೆಯಂತೆ, ಅದನ್ನು ಎರಡು ವರ್ಷ ನುಂಗುತ್ತಾ ಇರಬಹುದಾ? ಎಬೋಲಾಕ್ಕೆ ನಿಜವಾಗಿ ಎಷ್ಟು ಹೆದರಬೇಕು? ಇನ್ನೊಂದು, ಅಪ್ಪನಿಗೆ 64. ಮುಂದಿನ ವರ್ಷ ಮಗನ ತೋಟ ನೋಡಿಕೊಂಡು ಬರಬೇಕು ಅಂತ ಈಗಲೇ ಆಸೆ ಇಟ್ಟುಕೊಂಡಿದ್ದಾರೆ. ಅವರೂ ಈ ಲಸಿಕೆ ಹಾಕಿಸಿಕೊಳ್ಳಬಹುದಾ?

ಪಾಲಿಬೆಟ್ಟದವ:

ಅಕ್ಕ, ಮೊದಲು ನಿಮ್ಮ ತಮ್ಮನಿಗೆ ಒಳ್ಳೆಯದಾಗಲಿ. ನಾನೂ ಉಗಾಂಡಾದ ಕಾಫಿ ತೋಟದಲ್ಲಿ ಕೆಲವು ವರ್ಷ ದುಡಿದು ಬಂದವನು. ಕೆಲಸ ಕಲಿಯೋಕೆ ಒಳ್ಳೆಯ ಜಾಗ. ರೊಬಸ್ಟಾ ಅಲ್ಲಿ ಕಾಡಿನಲ್ಲಿ ತಾನಾಗಿಯೇ ಬೆಳೆಯುತ್ತದೆ. ಜನ ತುಂಬಾ ಒಳ್ಳೆಯವರು.

ಕಾರ್ಡಿನ ಕೆಲಸ ಮೊದಲು ಮುಗಿಸಿ. ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಹಾಕಿಸಿಕೊಂಡರೆ ಮಾತ್ರ ಲೆಕ್ಕ, ಬೇರೆ ಕಡೆಯ ಚೀಟಿ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಪಟ್ಟಿ ಆರೋಗ್ಯ ಸಚಿವಾಲಯದ ವೆಬ್‌ಸೈಟಿನಲ್ಲಿದೆ, ನಮ್ಮ ಕಡೆಯವರಿಗೆ ಬೆಂಗಳೂರೇ ಅನುಕೂಲ. ಆದರೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳದೆ ಹೊರಡಬೇಡಿ. ಒಂದು ಬಾಟಲಿಯಲ್ಲಿ ಹಲವರಿಗೆ ಆಗುವಷ್ಟು ಮದ್ದು ಇರುತ್ತದೆ, ಕಲಸಿದ ಮೇಲೆ 6 ಗಂಟೆಯೊಳಗೆ ಅದು ಮುಗಿಯಬೇಕು, ಉಳಿದರೆ ಚೆಲ್ಲಬೇಕು. ಹಾಗಾಗಿ ಜನ ಸೇರುವ ಹಾಗೆ ಇಂತಿಂಥ ದಿನ ಅಂತ ಇಟ್ಟಿರುತ್ತಾರೆ. ಸುಮ್ನೆ ರಾತ್ರಿ ಬಸ್ಸಿನಲ್ಲಿ ಹೋಗಿ ಬರಿಗೈಲಿ ವಾಪಸ್ ಬರುವುದು ಬೇಡ.

ಪಾಸ್‌ಪೋರ್ಟ್ ಕೈಯಲ್ಲಿರಲಿ. ಹೆಸರು ಬರೆಯುವಾಗ ಪಕ್ಕದಲ್ಲೇ ನಿಂತು ನೋಡಿಕೊಳ್ಳಲಿ. ನಮ್ಮ ಕಡೆ ಮನೆತನದ ಹೆಸರು ಮುಂದೆ ಬರುತ್ತದೆ, ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಶಿಯಲ್. ಕಾರ್ಡಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇದ್ದರೆ ಕೌಂಟರಿನಲ್ಲಿ ನಿಂತು ವಿವರಿಸುತ್ತಾ ಇರಬೇಕಾಗುತ್ತದೆ. ಚುಚ್ಚಿಸಿಕೊಂಡ 10 ದಿನದ ಮೇಲೆ ಕಾರ್ಡ್ ಊರ್ಜಿತ. 2016ರ ಜುಲೈಯಿಂದ ಅದು ಜೀವನಪೂರ್ತಿ ನಡೆಯುತ್ತದೆ, 10 ವರ್ಷಕ್ಕೊಮ್ಮೆ ಮತ್ತೆ ಹಾಕಿಸುವ ನಿಯಮ ಈಗಿಲ್ಲ.

ಇನ್ನು ಯಾರೂ ಹೇಳದ ಒಂದು ವಿಷಯ. ಬಟ್ಟೆಗೆ ಇಸ್ತ್ರಿ ಹಾಕಲೇಬೇಕು, ಒಳಬಟ್ಟೆ, ಟವಲ್, ಹಾಸಿಗೆ ಬಟ್ಟೆಗೂ. ಅಲ್ಲಿ ಮ್ಯಾಂಗೋ ಫ್ಲೈ ಅಂತ ಒಂದು ನೊಣ ಇದೆ. ಹೊರಗೆ ಒಣಗಲು ಹಾಕಿದ ಒದ್ದೆ ಬಟ್ಟೆ ಮೇಲೆ ಮೊಟ್ಟೆ ಇಡುತ್ತದೆ. ಆ ಬಟ್ಟೆ ಹಾಕಿಕೊಂಡರೆ ಮರಿಹುಳ ಚರ್ಮದೊಳಗೆ ಇಳಿಯುತ್ತದೆ. ಕೆಲವು ದಿನಕ್ಕೆ ಕುರುವಿನ ಹಾಗೆ ಕೆಂಪಗೆ ಊದುತ್ತದೆ, ನಡುವೆ ಸಣ್ಣ ತೂತು, ಹತ್ತಿರದಿಂದ ನೋಡಿದರೆ ಒಳಗೆ ಏನೋ ಅಲುಗಾಡುವುದು ಕಾಣುತ್ತದೆ. ಸುಮ್ಮನೆ ಹಿಂಡಬಾರದು. ತೂತಿನ ಮೇಲೆ ದಪ್ಪಗೆ ವ್ಯಾಸಲೀನ್ ಮೆತ್ತಿದರೆ ಹುಳಕ್ಕೆ ಉಸಿರು ಸಿಗದೆ ಮೇಲೆ ಬರುತ್ತದೆ, ಆಗ ತೆಗೆಯಬಹುದು. ಪ್ರಾಣಕ್ಕೇನೂ ಅಪಾಯ ಇಲ್ಲ, ಆದರೆ ಮೊದಲ ಸಲ ನೋಡಿದಾಗ ಎದೆ ಝಲ್ ಅನ್ನುತ್ತದೆ. ಬಿಸಿ ಇಸ್ತ್ರಿಗೆ ಮೊಟ್ಟೆ ಸಾಯುತ್ತದೆ, ಹೊಲಿಗೆ ಮಡಿಕೆ ಇರುವ ಕಡೆ ಚೆನ್ನಾಗಿ ಒತ್ತಬೇಕು. ಕರೆಂಟ್ ಇಲ್ಲದ ಕಡೆ ಇದ್ದಿಲು ಇಸ್ತ್ರಿ ಪೆಟ್ಟಿಗೆ ಸಿಗುತ್ತದೆ.

ಇನ್ನೊಂದು, ನೀರು. ನಾವೆಲ್ಲ ಹೊಳೆ ಕಂಡರೆ ಇಳಿಯುವವರು. ಅಲ್ಲಿ ವಿಕ್ಟೋರಿಯಾ ಸರೋವರ ನೋಡಿದರೆ ಯಾರಿಗಾದರೂ ಈಜಬೇಕು ಅನ್ನಿಸುತ್ತದೆ. ಬೇಡ. ಆ ನೀರಿನ ಬಸವನಹುಳುಗಳಿಂದ ಬಿಲ್ಹಾರ್ಜಿಯಾ ಅನ್ನುವ ರೋಗದ ಹುಳ ಬರುತ್ತದೆ. ನೀರು ಕುಡಿಯುವುದೇ ಬೇಕಿಲ್ಲ, ಕಾಲಿಟ್ಟರೂ ಚರ್ಮದ ಮೂಲಕ ಒಳಗೆ ಹೋಗುತ್ತದೆ. ತೋಟದ ಕೆರೆಗೆ ಪಂಪ್ ಇಳಿಸುವಾಗಲೂ ಉದ್ದ ಗಂಬೂಟ್ ಹಾಕಿಕೊಳ್ಳಲಿ. ಮಲೇರಿಯಾ ವಿಷಯ ಡಾಕ್ಟರ್ ಯಾರಾದರೂ ಹೇಳಲಿ, ನಾನು ಕಂಡದ್ದು ಆಮೇಲೆ ಬರೆಯುತ್ತೇನೆ.

ಜ್ವರದ ಡಾಕ್ಟರ್:

ನಾನು ಕೊಡಗಿನಲ್ಲೇ ಪ್ರಾಕ್ಟೀಸ್ ಮಾಡುವ ಫಿಸಿಶಿಯನ್. ಹೊರದೇಶದ ತೋಟಗಳಿಗೆ ಹೋಗುವ ಹುಡುಗರು ನಮ್ಮಲ್ಲಿ ಬರುತ್ತಿರುತ್ತಾರೆ, ಹೆಚ್ಚಿನವರು ಹೊರಡುವ ವಾರದಲ್ಲಿ. ಆರು ವಾರ ಮೊದಲೇ ಬಂದರೆ ಎಲ್ಲವನ್ನೂ ಸರಿಯಾಗಿ ಮಾಡಬಹುದು. ನೀವು ಈಗಲೇ ಕೇಳಿದ್ದು ಒಳ್ಳೆಯದಾಯಿತು.

ಅಮ್ಮನ ಭಯಕ್ಕೆ ಮೊದಲು ಉತ್ತರ. ಉಗಾಂಡಾದಲ್ಲಿ ಎಬೋಲಾ ಬಂದಿದ್ದು ನಿಜ. 2022ರ ಸೆಪ್ಟೆಂಬರಿನಲ್ಲಿ ಶುರುವಾದದ್ದು 2023ರ ಜನವರಿಗೆ ಮುಗಿಯಿತು, 2025ರ ಜನವರಿಯಲ್ಲಿ ಮತ್ತೆ ಕಾಣಿಸಿಕೊಂಡದ್ದು ಏಪ್ರಿಲ್‌ಗೆ ಮುಗಿಯಿತು. ಅದು ಗಾಳಿಯಲ್ಲಿ ಹಾರಿಕೊಂಡು ಬರುವ ರೋಗ ಅಲ್ಲ. ರೋಗ ಬಂದವರ ರಕ್ತ, ವಾಂತಿ, ಬೆವರು ಮುಟ್ಟಿದವರಿಗೆ, ಶುಶ್ರೂಷೆ ಮಾಡಿದವರಿಗೆ, ಹೆಣಕ್ಕೆ ಸ್ನಾನ ಮಾಡಿಸಿದವರಿಗೆ ಹರಡುತ್ತದೆ. ಅಲ್ಲಿನ ಆರೋಗ್ಯ ಇಲಾಖೆಗೆ ಇದರಲ್ಲಿ ನಮಗಿಂತ ಎಷ್ಟೋ ಜಾಸ್ತಿ ಅನುಭವ ಇದೆ. ತೋಟದ ಕೆಲಸದವನಿಗೆ ಆ ಅಪಾಯ ತೀರಾ ಕಡಿಮೆ. ಹತ್ತಿರದಲ್ಲಿ ಎಬೋಲಾ ಬಂದಿದೆ ಅಂತ ಸುದ್ದಿ ಆದರೆ ಸಾವಿನ ಮನೆಗೆ ಹೋಗಿ ಹೆಣ ಮುಟ್ಟುವುದು ಬೇಡ, ಕಾಡುಪ್ರಾಣಿ ಮಾಂಸ ಬೇಡ. ಅಷ್ಟು ಸಾಕು.

ಹೆದರಬೇಕಾದ್ದು ಮಲೇರಿಯಾಕ್ಕೆ. ಇದನ್ನು ಮನೆಯವರೆಲ್ಲ ಕೂತು ಓದಿ. ಪ್ರಪಂಚದ ಮಲೇರಿಯಾದಲ್ಲಿ ಶೇಕಡಾ 90ಕ್ಕೂ ಹೆಚ್ಚು ಆಫ್ರಿಕಾದಲ್ಲೇ ಇದೆ, ಅತಿ ಹೆಚ್ಚು ಇರುವ ದೇಶಗಳಲ್ಲಿ ಉಗಾಂಡಾ ಒಂದು. ಅಲ್ಲಿ ವರ್ಷಪೂರ್ತಿ ಇರುತ್ತದೆ, ಅದೂ ಹೆಚ್ಚಾಗಿ ಫಾಲ್ಸಿಪಾರಂ ಜಾತಿ. ಮಿದುಳಿಗೆ ಏರುವುದು, ಕಿಡ್ನಿ ಕೆಡಿಸುವುದು ಹೆಚ್ಚಾಗಿ ಇದೇ. ಚಿಕಿತ್ಸೆ ಒಂದೆರಡು ದಿನ ತಡವಾದರೂ ಜೀವ ಹೋಗಬಹುದು.

ಅಪ್ಪನ ಮಾತಿಗೆ: ರಕ್ತದಲ್ಲಿ ಏನೂ ಇಲ್ಲ. ಕೊಡಗು, ವಯನಾಡು ಒಂದು ಕಾಲಕ್ಕೆ ಮಲೇರಿಯಾ ಸೀಮೆ ಆಗಿದ್ದು ಸರಿ. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆ ಮನೆಗೆ ಡಿಡಿಟಿ ಹೊಡೆದ ಮೇಲೆ ತುಂಬಾ ಇಳಿಯಿತು. ಮಲೇರಿಯಾ ತಡೆದುಕೊಳ್ಳುವ ಶಕ್ತಿ ಮತ್ತೆ ಮತ್ತೆ ಸೋಂಕು ತಗಲಿದವರಿಗೆ ಮಾತ್ರ ಬರುತ್ತದೆ. ಅದೂ ಅರೆಬರೆ. ಉಗಾಂಡಾದಲ್ಲೇ ಹುಟ್ಟಿದವರು ಹೊರದೇಶದಲ್ಲಿ ಕೆಲವು ವರ್ಷ ಇದ್ದು ವಾಪಸ್ ಹೋದರೆ ಅವರಿಗೂ ಜೋರಾಗಿ ಬರುತ್ತದೆ. ನಿಮ್ಮ ತಮ್ಮನ ಮೈಗೆ ಅದು ಹೊಸ ರೋಗ.

ಮಾತ್ರೆ ಬಗ್ಗೆ. ಹಳೆಯ ಕ್ಲೋರೋಕ್ವಿನ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ರೋಗಾಣು ಅದಕ್ಕೆ ಬಗ್ಗುವುದಿಲ್ಲ. ಉಳಿದಿರುವುದು ಮುಖ್ಯವಾಗಿ ಮೂರು. ನಮ್ಮಲ್ಲಿ ಸುಲಭವಾಗಿ ಸಿಗುವುದು ಡಾಕ್ಸಿಸೈಕ್ಲಿನ್. ಇಲಿ ಜ್ವರಕ್ಕೆ ಕೊಡುವುದನ್ನು ನೀವು ನೋಡಿರುತ್ತೀರಿ. ಹೊರಡುವ ಒಂದೆರಡು ದಿನ ಮೊದಲು ಶುರು ಮಾಡಿ, ದಿನಕ್ಕೊಂದು, ವಾಪಸ್ ಬಂದ ಮೇಲೂ ನಾಲ್ಕು ವಾರ. ಇದರಲ್ಲಿ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಕಣದಲ್ಲಿ ನಿಂತು ಕೆಲಸ ಮಾಡುವವನಿಗೆ ಇದು ಸಣ್ಣ ವಿಷಯ ಅಲ್ಲ, ತುಂಬು ತೋಳು, ಟೋಪಿ ಬೇಕು. ಊಟದ ಜೊತೆ ದೊಡ್ಡ ಲೋಟ ನೀರಿನಲ್ಲಿ ನುಂಗಿ, ಕೂಡಲೇ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಹುಣ್ಣಾಗುತ್ತದೆ. ಎರಡನೆಯದು ಮೆಫ್ಲೋಕ್ವಿನ್, ವಾರಕ್ಕೊಂದು. ಎರಡು ಮೂರು ವಾರ ಮೊದಲೇ ಶುರು ಮಾಡಬೇಕು. ಕೆಲವರಿಗೆ ಕೆಟ್ಟ ಕನಸು, ದಿಗಿಲು, ಖಿನ್ನತೆ ಬರುತ್ತದೆ. ಫಿಟ್ಸ್ ಅಥವಾ ಮಾನಸಿಕ ಕಾಯಿಲೆ ಇದ್ದವರಿಗೆ ಕೊಡುವುದೇ ಇಲ್ಲ. ಮೂರನೆಯದು ಅಟೊವಾಕ್ವೋನ್ ಪ್ರೊಗ್ವಾನಿಲ್, ದಿನಕ್ಕೊಂದು, ತೊಂದರೆ ಕಡಿಮೆ, ಬಂದ ಮೇಲೆ ಒಂದು ವಾರ ನುಂಗಿದರೆ ಸಾಕು, ಆದರೆ ದುಬಾರಿ.

ಎರಡು ವರ್ಷ ನುಂಗಬಹುದಾ? ಡಾಕ್ಟರ ಕಣ್ಣಡಿಯಲ್ಲಿ ದೀರ್ಘಕಾಲ ತೆಗೆದುಕೊಂಡವರು ಇದ್ದಾರೆ. ಎಷ್ಟು ಕಾಲ, ಯಾವ ಮಾತ್ರೆ ಅನ್ನುವುದನ್ನು ಅವನ ಆರೋಗ್ಯ ನೋಡಿ ಹೇಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಹೊಸ ಜಾಗದ ಮೊದಲ ತಿಂಗಳುಗಳಲ್ಲಿ ಒಂದು ದಿನವೂ ತಪ್ಪಬಾರದು. ಆಮೇಲಿನದನ್ನು ಅಲ್ಲಿನ ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸಲಿ, ತಾನಾಗಿ ನಿಲ್ಲಿಸುವುದು ಬೇಡ. ಮಲೇರಿಯಾ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಆ ಹೊತ್ತಿಗೆ ಔಷಧಿ ಸವರಿದ ಸೊಳ್ಳೆಪರದೆ, ಕಿಟಕಿಗೆ ಜಾಲರಿ, ಮೈಗೆ ಮುಲಾಮು. ಮಾತ್ರೆ ನುಂಗಿದರೂ ಇವು ಬೇಕು.

ಬೇರೆ ಲಸಿಕೆ: ಟೈಫಾಯಿಡ್, ಹೆಪಟೈಟಿಸ್ ಬಿ, ಧನುರ್ವಾಯು ನೋಡಿಕೊಳ್ಳಿ. ಹೆಪಟೈಟಿಸ್ ಎ ನಮ್ಮಲ್ಲಿ ಎಷ್ಟೋ ಜನರಿಗೆ ಚಿಕ್ಕವಯಸ್ಸಿನಲ್ಲೇ ಬಂದು ಹೋಗಿರುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಉತ್ತರ ಉಗಾಂಡಾಕ್ಕೆ ಹೋಗುವುದಾದರೆ ಮೆನಿಂಜೈಟಿಸ್ ಲಸಿಕೆಯೂ ಬೇಕು. ಹುಚ್ಚುನಾಯಿ ಕಡಿತದ ಲಸಿಕೆ ಮುಂಚಿತವಾಗಿಯೇ ಹಾಕಿಸಿ ಅನ್ನುತ್ತೇನೆ. ತೋಟ ಪಟ್ಟಣದಿಂದ ದೂರ ಇದ್ದರೆ ಕಡಿತದ ಗಾಯಕ್ಕೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಬೇಕಾದಾಗ ಸಿಗುವುದು ಕಷ್ಟ. ಮೊದಲೇ ಹಾಕಿಸಿಕೊಂಡವರಿಗೆ ಅದು ಬೇಕಾಗುವುದಿಲ್ಲ, ಕಡಿತದ ನಂತರದ ಎರಡು ಚುಚ್ಚುಮದ್ದು ಮಾತ್ರ ತಪ್ಪದೆ ಹಾಕಿಸಬೇಕು.

ಮಾಂದಲ್‌ಪಟ್ಟಿ ಗಾಳಿ:

ನನಗೆ ಒಂದು ಅರ್ಥ ಆಗುವುದಿಲ್ಲ. ಉಗಾಂಡಾಕ್ಕೆ ಹೋಗಲು ಕಾರ್ಡ್ ಬೇಕು, ಸರಿ, ಅಲ್ಲಿ ರೋಗ ಇದೆ. ಆದರೆ ನಮ್ಮ ದೇಶಕ್ಕೆ ವಾಪಸ್ ಬರಲೂ ಕಾರ್ಡ್ ಯಾಕೆ? ನನ್ನ ಭಾವ ಕೀನ್ಯಾದಿಂದ ಬಂದಾಗ ವಿಮಾನ ನಿಲ್ದಾಣದಲ್ಲಿ ಬೇರೆಯೇ ಸಾಲಿನಲ್ಲಿ ನಿಲ್ಲಿಸಿ ಕಾರ್ಡ್ ನೋಡಿದರು. ಇಲ್ಲಿ ಆ ರೋಗವೇ ಇಲ್ಲವಲ್ಲ? ಸ್ವಂತ ಊರಿಗೆ ಬರುವವರಿಗೂ ಇಷ್ಟು ಬಿಗಿ ಬೇಕಾ?

ಉಣುಗು ಹುಡುಕುವವ:

ನಾನು ವೈರಸ್ ರೋಗಗಳ ಮೇಲೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿ, ಊರು ಸೋಮವಾರಪೇಟೆ ಕಡೆ. ಈ ಪ್ರಶ್ನೆಗೆ ಉತ್ತರಿಸದೆ ಇರಲಾಗುತ್ತಿಲ್ಲ.

ಇಲ್ಲಿ ಆ ರೋಗ ಇಲ್ಲ, ಅದಕ್ಕೇ ಇಷ್ಟು ಬಿಗಿ. ಯೆಲ್ಲೋ ಫೀವರನ್ನು ಊರಿನೊಳಗೆ ಹರಡುವುದು ಏಡಿಸ್ ಸೊಳ್ಳೆ, ನಮ್ಮಲ್ಲಿ ಡೆಂಗಿ ತರುವುದೂ ಅದೇ. ಮಡಿಕೇರಿಯಲ್ಲೂ ಇದೆ, ಕುಶಾಲನಗರದಲ್ಲೂ ಇದೆ. ಜನರ ಮೈಯಲ್ಲಿ ಆ ರೋಗದ ವಿರುದ್ಧ ಏನೂ ಇಲ್ಲ. ಸೊಳ್ಳೆ ಇದೆ, ಜನ ಇದ್ದಾರೆ, ವೈರಸ್ ಒಂದು ಮಾತ್ರ ಬರಬೇಕು. ಅದು ಸೋಂಕು ತಗಲಿದ ಪ್ರಯಾಣಿಕನ ರಕ್ತದಲ್ಲೇ ಬರಬಹುದು. ಕಾರ್ಡ್ ಇಲ್ಲದವರನ್ನು 6 ದಿನದವರೆಗೆ ಕ್ವಾರಂಟೈನಿನಲ್ಲಿ ಇಡುವುದು ಯಾಕೆಂದರೆ, ಸೊಳ್ಳೆ ಕಚ್ಚಿದ ಮೇಲೆ ರೋಗ ಕಾಣಿಸಿಕೊಳ್ಳಲು ಹೆಚ್ಚೆಂದರೆ ಸುಮಾರು ಅಷ್ಟು ದಿನ.

ಇದು ಬರೀ ಊಹೆ ಅಲ್ಲ. 2016ರಲ್ಲಿ ಅಂಗೋಲಾದಲ್ಲಿ ಯೆಲ್ಲೋ ಫೀವರ್ ಜೋರಾಗಿದ್ದಾಗ ಅಲ್ಲಿ ದುಡಿಯುತ್ತಿದ್ದ ಚೀನಾದವರು ಊರಿಗೆ ವಾಪಸಾದರು, ಅವರಲ್ಲಿ 11 ಜನಕ್ಕೆ ರೋಗ ಇತ್ತು. ಏಷ್ಯಾಕ್ಕೆ ಈ ರೋಗ ಕಾಲಿಟ್ಟಿದ್ದು ದಾಖಲಾದದ್ದು ಅದೇ ಮೊದಲು. ಅಲ್ಲಿ ಅದು ಹರಡಲಿಲ್ಲ. ಹೊರದೇಶಕ್ಕೆ ದುಡಿಯಲು ಹೋದ ನಮ್ಮ ಹುಡುಗರಂಥವರೇ ಅವರೂ. ಕಾರ್ಡ್ ಕೇಳುವವರ ಮೇಲೆ ನನಗೆ ಗೌರವವೇ ಇದೆ.

ನಮ್ಮ ರಾಜ್ಯಕ್ಕೂ ಈ ರೋಗಕ್ಕೂ ಒಂದು ಹಳೆಯ ನಂಟು ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿ ಜನಕ್ಕೂ ಜ್ವರ. ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನವೇ ಯೆಲ್ಲೋ ಫೀವರ್. ಯಾಕೆಂದರೆ ದಕ್ಷಿಣ ಅಮೆರಿಕಾದಲ್ಲಿ ಊರಿಗೆ ಆ ರೋಗ ಬರುವ ಮೊದಲು ಕಾಡಿನಲ್ಲಿ ಮಂಗ ಸಾಯುತ್ತವೆ. ಕೊನೆಗೆ ಅಂಥದ್ದಲ್ಲ ಅಂತ ಗೊತ್ತಾಯಿತು. ಅದು ಉಣುಗಿನಿಂದ ಹರಡುವ ಹೊಸ ವೈರಸ್, ನಾವು ಮಂಗನ ಕಾಯಿಲೆ ಅನ್ನುವುದು. ಅದು ಶಿವಮೊಗ್ಗದಲ್ಲೇ ನಿಂತಿಲ್ಲ, 2012ರಲ್ಲಿ ಬಂಡೀಪುರದಲ್ಲಿ, ಆಮೇಲೆ ನಮ್ಮ ಗಡಿಯಾಚೆಯ ವಯನಾಡಿನಲ್ಲೂ ಕಾಣಿಸಿತು. ನಿಮ್ಮ ಕಾಡಂಚಿನ ತೋಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಉಗಾಂಡಾದ ಎಂಟೆಬೆಯಲ್ಲೂ 1936ರಲ್ಲಿ ಯೆಲ್ಲೋ ಫೀವರ್ ಸಂಶೋಧನೆಗೆ ಅಂತಲೇ ಒಂದು ಸಂಸ್ಥೆ ಕಟ್ಟಿದರು. ಕಾಡಿನ ಮರದ ಮೇಲೆ ಬೋನಿನಲ್ಲಿ ಮಂಗ ಇಟ್ಟು ಯಾವ ಸೋಂಕು ತಗಲುತ್ತದೆ ಅಂತ ಕಾಯುತ್ತಿದ್ದರು. 1947ರಲ್ಲಿ ಹಾಗೆ ಇಟ್ಟ ಒಂದು ಮಂಗಕ್ಕೆ ಜ್ವರ ಬಂದು, ಅದರ ರಕ್ತದಲ್ಲಿ ಸಿಕ್ಕಿದ್ದೇ ಜೀಕಾ ವೈರಸ್. ಆ ಕಾಡಿನ ಹೆಸರೇ ಜೀಕಾ. ನಿಮ್ಮ ತಮ್ಮ ಇಳಿಯುವ ವಿಮಾನ ನಿಲ್ದಾಣ ಇರುವುದೂ ಎಂಟೆಬೆಯಲ್ಲೇ. ಇನ್ನು ಅವನಿಗೆ ಹಾಕುವ ಲಸಿಕೆ 17ಡಿ. 1937ರಲ್ಲಿ ಮ್ಯಾಕ್ಸ್ ಥೈಲರ್ ಮತ್ತು ಜೊತೆಗಾರರು ವೈರಸನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಬಲ ಕುಗ್ಗಿಸಿ ಮಾಡಿದ್ದು. 1951ರಲ್ಲಿ ಥೈಲರ್‌ಗೆ ನೊಬೆಲ್ ಬಂತು. ಈಗಲೂ ಹಾಕುವುದು ಅದೇ ಲಸಿಕೆ, ಒಂದೇ ಚುಚ್ಚುಮದ್ದು.

ಅಮ್ಮತ್ತಿ ಅಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಬರೆದದ್ದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ, ಸ್ವಲ್ಪ ಸಮಾಧಾನ ಆಗಿದೆ. ತಮ್ಮನಿಗೆ ಆ ನೊಣದ ವಿಷಯ ಕೇಳಿ ಮುಖ ಸಪ್ಪಗಾಯಿತು, ಈಗ ಅವನೇ ಕೂತು ಎಲ್ಲ ಓದುತ್ತಿದ್ದಾನೆ. ಲಸಿಕೆ ಕೇಂದ್ರಕ್ಕೆ ನಾಳೆ ಫೋನ್ ಮಾಡುತ್ತೇವೆ. ಅಪ್ಪನ ವಿಷಯ ಮಾತ್ರ ಉಳಿಯಿತು. ಆಮೇಲೆ ಪಾಲಿಬೆಟ್ಟದ ಅಣ್ಣ ಏನೋ ಬರೆಯುತ್ತೇನೆ ಅಂದಿದ್ದರು.

ಪಾಲಿಬೆಟ್ಟದವ:

ನಾನು ಹೇಳಬೇಕಂದಿದ್ದು ವಾಪಸ್ ಬಂದ ಮೇಲಿನ ಕಥೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ರಜೆಗೆ ಊರಿಗೆ ಬಂದಿದ್ದ. ಬಂದ ಕೆಲವು ದಿನಕ್ಕೆ ಜ್ವರ, ಮೈಕೈ ನೋವು. ಅದು ಮಳೆಗಾಲದ ಕಕ್ಕಡ ತಿಂಗಳು, ಊರಿಗೆಲ್ಲ ನೆಗಡಿ ಜ್ವರ. ಒಂದು ಕ್ಲಿನಿಕ್‌ನಲ್ಲಿ ವೈರಲ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ಎಲ್ಲಿಂದ ಬಂದೆ ಅಂತ ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಮನೆಯವರು ಒಂದು ಬೆಳಿಗ್ಗೆ ಎಬ್ಬಿಸಿದರೆ ಅರ್ಥ ಇಲ್ಲದ ಮಾತು, ಕಣ್ಣು ಹಳದಿ. ಮೈಸೂರಿಗೆ ಒಯ್ದರು. ಅಲ್ಲಿ ಅವನ ಅಣ್ಣ ಆಫ್ರಿಕಾದಿಂದ ಬಂದಿದ್ದಾನೆ ಅಂದ ಕೂಡಲೇ ರಕ್ತ ತೆಗೆದು ನೋಡಿದರು, ಫಾಲ್ಸಿಪಾರಂ. ಐಸಿಯುನಲ್ಲಿದ್ದು ಬದುಕಿ ಬಂದ. ಊರಿಗೆ ಹೊರಡುವ ಖುಷಿಯಲ್ಲಿ ಮಾತ್ರೆ ಅಲ್ಲೇ ಬಿಟ್ಟು ಬಂದಿದ್ದನಂತೆ.

ನಿಮ್ಮ ತಮ್ಮ ರಜೆಗೆ ಬರುವಾಗ ಮಾತ್ರೆಯೂ ಅವನ ಜೊತೆ ಬರಬೇಕು ಅಕ್ಕ, ಅದನ್ನು ಮರೆಯಬೇಡಿ.

ಜ್ವರದ ಡಾಕ್ಟರ್:

ಪಾಲಿಬೆಟ್ಟದವರು ಬರೆದದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆ ಮಳೆಗಾಲದಲ್ಲಿ ಜ್ವರ ಅಂದರೆ ಡಾಕ್ಟರ ತಲೆಗೆ ಮೊದಲು ಬರುವುದು ವೈರಲ್, ಡೆಂಗಿ, ಇಲಿ ಜ್ವರ. ಉಗಾಂಡಾ ಅಂತ ರೋಗಿಯೇ ಬಾಯಿಬಿಟ್ಟು ಹೇಳಬೇಕು. ಕುರ್ಚಿ ಮೇಲೆ ಕೂರುವ ಮೊದಲೇ ಹೇಳಲಿ. ಹೋದ ಒಂದು ವಾರದ ನಂತರ ಯಾವಾಗ ಬೇಕಾದರೂ, ವಾಪಸ್ ಬಂದು ಮೂರು ತಿಂಗಳವರೆಗೆ ಬರುವ ಯಾವ ಜ್ವರವನ್ನೂ ಮಲೇರಿಯಾ ಅಲ್ಲ ಅಂತ ಪರೀಕ್ಷೆಯಲ್ಲಿ ತೀರ್ಮಾನ ಆಗುವವರೆಗೆ ಮಲೇರಿಯಾ ಅಂತಲೇ ನೋಡಬೇಕು. ಕೆಲವು ಜಾತಿಯವು ಒಂದು ವರ್ಷ ಕಳೆದ ಮೇಲೂ ಬರುತ್ತವೆ.

ಅಪ್ಪನ ವಿಷಯ. ಯೆಲ್ಲೋ ಫೀವರ್ ಲಸಿಕೆಯಲ್ಲಿ ಜೀವಂತ ವೈರಸ್ ಇದೆ. ಹೆಚ್ಚಿನವರಿಗೆ ಒಂದೆರಡು ದಿನ ಮೈಕೈ ನೋವು ಬಿಟ್ಟರೆ ಏನೂ ಆಗುವುದಿಲ್ಲ. ಆದರೆ 60 ದಾಟಿದವರು ಮೊದಲ ಸಲ ಹಾಕಿಸಿಕೊಂಡಾಗ ಗಂಭೀರ ತೊಂದರೆ ಆಗುವ ಸಾಧ್ಯತೆ ಚಿಕ್ಕವರಿಗಿಂತ ಜಾಸ್ತಿ. ತೀರಾ ಅಪರೂಪವೇ, ಆದರೂ ಇದೆ. ಲಿವರ್, ಕಿಡ್ನಿಗೆ ಲಸಿಕೆಯ ವೈರಸ್ಸೇ ಹಬ್ಬಬಹುದು. ಹಾಗಾಗಿ ಅವರಿಗೆ ಬೇಡವೇ ಬೇಡ ಅನ್ನುವುದಿಲ್ಲ, ಬಿಪಿ, ಶುಗರ್, ತೆಗೆದುಕೊಳ್ಳುವ ಔಷಧಿ ಎಲ್ಲ ನೋಡಿ ಎದುರು ಕೂತು ಮಾತಾಡಬೇಕು. ಮೊಟ್ಟೆಗೆ ಜೋರು ಅಲರ್ಜಿ ಇದ್ದರೆ, ಥೈಮಸ್ ಗ್ರಂಥಿಯ ಕಾಯಿಲೆ ಇದ್ದರೆ, ರೋಗ ತಡೆಯುವ ಶಕ್ತಿ ಕುಗ್ಗಿಸುವ ಔಷಧಿ ನಡೆಯುತ್ತಿದ್ದರೆ ಹಾಕುವುದಿಲ್ಲ. ಆರೋಗ್ಯದ ಕಾರಣಕ್ಕೆ ವಿನಾಯಿತಿ ಪತ್ರ ಕೊಡುವ ಪದ್ಧತಿ ಇದೆ, ಆದರೆ ಪತ್ರ ಇದ್ದ ಮಾತ್ರಕ್ಕೆ ರೋಗ ತಗಲದೆ ಇರುವುದಿಲ್ಲವಲ್ಲ. ನನ್ನನ್ನು ಕೇಳಿದರೆ ಮಗನೇ ರಜೆಗೆ ಬರಲಿ, ಅಪ್ಪ ತೋಟವನ್ನು ಫೋನಿನಲ್ಲಿ ನೋಡಲಿ.

ತಮ್ಮನಿಗೆ ಬೇರೆ ಜೀವಂತ ಲಸಿಕೆ ಏನಾದರೂ ಬಾಕಿ ಇದ್ದರೆ, ಉದಾಹರಣೆಗೆ ದಡಾರದ್ದು, ಯೆಲ್ಲೋ ಫೀವರ್ ಲಸಿಕೆಗೂ ಅದಕ್ಕೂ ನಾಲ್ಕು ವಾರದ ಅಂತರ ಬೇಕು. ಕೇಂದ್ರದವರಿಗೆ ಫೋನ್ ಮಾಡುವಾಗಲೇ ಇದನ್ನೂ ಕೇಳಿ, ಇಲ್ಲದಿದ್ದರೆ ಹುತ್ತರಿಯ ಲೆಕ್ಕ ತಪ್ಪುತ್ತದೆ. ಮತ್ತೆ ಒಂದು ಮಾತು. ಜ್ವರ ಬಂದು ಮಲೇರಿಯಾ ಪರೀಕ್ಷೆ ಒಂದು ಸಲ ನೆಗೆಟಿವ್ ಬಂತು ಅಂತ ಮನೆಗೆ ಹೋಗಬಾರದು. 12ರಿಂದ 24 ಗಂಟೆ ಬಿಟ್ಟು ಮತ್ತೆ, ಆಗಲೂ ಇಲ್ಲವಾದರೆ ಇನ್ನೊಮ್ಮೆ, ಮೂರು ಸಲ ರಕ್ತ ನೋಡಬೇಕು. ಕಾರ್ಡಿನ ಜೊತೆ ಇದನ್ನೂ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಕವರಿನಲ್ಲಿ ಇಟ್ಟುಕೊಡಿ.